ಹೃದಯದ ಶಸ್ತ್ರಚಿಕಿತ್ಸೆಯೂ ರಕ್ತದ ಸೂಚನೆಗಳೂ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಅಲ್ಲಿ ಹೊಗೆಗೆ ಹೇತುವೆಂದೂ ಲಿಂಗವೆಂದೂ ಹೆಸರು. (ನಾವು ಎದೆಯ ಮೇಲೆ ಧರಿಸುವ ಇಷ್ಟಲಿಂಗದ ಮಾತು ಬೇರೆ, ಇದು ತಾರ್ಕಿಕರ ಪರಿಭಾಷೆಯ ಲಿಂಗ, ಎಂದರೆ ಗುರುತು.) ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಯ ಮುಂದಿನ ಸ್ಥಿತಿಯನ್ನು ಅವನ ರಕ್ತದಲ್ಲಿರುವ ಕೆಲವು ದ್ರವ್ಯಗಳ ಪ್ರಮಾಣದಿಂದ ವೈದ್ಯರು ಊಹಿಸುವುದೂ ಇಂತಹ ಅನುಮಾನವೇ. ಚರಕಸಂಹಿತೆಯ ಇಂದ್ರಿಯಸ್ಥಾನವು ರೋಗಿಯ ವರ್ಣ, ಸ್ವರ, ಗಂಧಾದಿಗಳಿಂದ ಅರಿಷ್ಟವನ್ನು ತಿಳಿಯುವ ಬಗೆಯನ್ನು ಹನ್ನೆರಡು ಅಧ್ಯಾಯಗಳಲ್ಲಿ ನಿರೂಪಿಸಿದೆ. ಆದುದರಿಂದ ಪ್ರಶ್ನೆ ಹಳೆಯದು, ಗುರುತುಗಳು ಮಾತ್ರ ಹೊಸವು.

ಬೆಂಗಳೂರಿನ ಈ ದಕ್ಷಿಣ ಭಾಗದ ಜನರಿಗೆ ಹೃದಯದ ಶಸ್ತ್ರಚಿಕಿತ್ಸೆಯೆಂಬುದು ಅಪರಿಚಿತವಲ್ಲ. ವಿದ್ಯಾರ್ಥಿನಿಲಯಗಳ ಸ್ಥಾಪನೆಯಿಂದ ನಾಡಿಗೆ ಉಪಕಾರ ಮಾಡಿದ ಚಿತ್ರದುರ್ಗ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಯಲ್ಲಿದೆ. ಬಡಬಗ್ಗರೂ ಅಲ್ಲಿಗೆ ಹೋಗಿ ಗುಣವಾಗಿ ಬರುತ್ತಾರೆ. ಆದರೆ ರಕ್ತಪರೀಕ್ಷೆಯ ಅಂಕೆಗಳನ್ನು ಓದುವ ಬಗೆ ವಿದ್ಯಾವಂತರಲ್ಲಿಯೂ ಅನೇಕರಿಗೆ ತಿಳಿಯದು.

ಗಿರಿನಗರದಲ್ಲಿ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರಿಗೆ ನಗರದ ಆಸ್ಪತ್ರೆಯೊಂದರಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಯಿತು. ಎರಡನೆಯ ದಿನ ಸಂಜೆ ಅವರ ಮಗನು ಪರೀಕ್ಷೆಯ ವರದಿಯನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದನು. ಟ್ರೋಪೋನಿನ್ ಎಂಬುದರ ಮೇಲ್ಮಿತಿ 26 ಎಂದಿದ್ದರೆ ತಂದೆಯ ರಕ್ತದಲ್ಲಿ ಅದು 2,600 ಇದ್ದಿತು; ಪಕ್ಕದಲ್ಲಿ ಅಪಾಯಸೂಚಕವಾದ ನಕ್ಷತ್ರಚಿಹ್ನೆ. “ಮೇಷ್ಟ್ರೇ, ಹುಬ್ಬಳ್ಳಿಯಿಂದ ಅಕ್ಕನನ್ನು ಕರೆಸಿಬಿಡಲೇ?” ಎಂದು ಕೇಳಿದನು. ವೈದ್ಯನಲ್ಲದ ನಾನು ಏನು ತಾನೇ ಹೇಳಲಿ? ಅವನೊಡನೆ ಆಸ್ಪತ್ರೆಗೆ ಹೋಗಿ ವೈದ್ಯರನ್ನೇ ಕೇಳಿದೆನು.

ಟ್ರೋಪೋನಿನ್ ಹೃದಯದ ಮಾಂಸಖಂಡದ ಸಂಕೋಚಕ್ರಿಯೆಯಲ್ಲಿ ಭಾಗಿಯಾಗುವ ಒಂದು ಪ್ರೋಟೀನು. ಜೀವಕೋಶಗಳು ಘಾಸಿಗೊಂಡಾಗ ಅದು ರಕ್ತಕ್ಕೆ ಸೋರುತ್ತದೆ. ಎದೆನೋವೆಂದು ಬಂದವನಲ್ಲಿ ಅದು ಹೆಚ್ಚಿದ್ದರೆ ಹೃದಯಕ್ಕೆ ಪೆಟ್ಟು ಬಿದ್ದಿದೆಯೆಂದು ತಿಳಿಯಬಹುದು. ಶಸ್ತ್ರಚಿಕಿತ್ಸೆಯಲ್ಲಾದರೋ ವೈದ್ಯನೇ ಹೃದಯವನ್ನು ಮುಟ್ಟಿ, ಅನೇಕ ವೇಳೆ ಅದರ ಮಿಡಿತವನ್ನೇ ನಿಲ್ಲಿಸಿ, ಕೊಯ್ದು ಹೊಲಿದಿರುತ್ತಾನೆ. ಟ್ರೋಪೋನಿನ್ ಏರದೆ ಇದ್ದರೇ ಆಶ್ಚರ್ಯ. ಗುಣವಾಗುವವನಲ್ಲಿಯೂ ಆಗದವನಲ್ಲಿಯೂ ಕಾಣುವ ಇಂತಹ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆನ್ನುತ್ತಾರೆ. ಏರಿದೆಯೆಂಬಷ್ಟೇ ಸಾಲದು, ಎಷ್ಟು ಏರಿದರೆ ಭಯಪಡಬೇಕೆಂಬುದು ತಿಳಿಯಬೇಕು.

ಇದಕ್ಕೆ ಉತ್ತರವನ್ನು ಹುಡುಕಿದ ಒಂದು ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. 12 ದೇಶಗಳ 24 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ 13,862 ರೋಗಿಗಳನ್ನು ಗಮನಿಸಲಾಗಿ, 30 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ ಇಬ್ಬರಷ್ಟು. ಕೇವಲ ಬೈಪಾಸ್ ಅಥವಾ ಮಹಾಪಧಮನಿಯ ಕವಾಟದ ಬದಲಾವಣೆ ಮಾಡಿಸಿಕೊಂಡವರಲ್ಲಿ, ಮೊದಲ ದಿನದ ಟ್ರೋಪೋನಿನ್ ಮೇಲ್ಮಿತಿಯ 218 ಪಟ್ಟು, ಎಂದರೆ ಲೀಟರಿಗೆ 5,670 ನ್ಯಾನೋಗ್ರಾಂ ಆದಾಗ ಮರಣದ ಸಂಭವ ಹೆಚ್ಚುತ್ತದೆಂದು ಕಂಡುಬಂದಿತು. ಉಳಿದ ಬಗೆಯ ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಆ ಗಡಿ 499 ಪಟ್ಟು. ಅದಕ್ಕೆ ಮುಂಚೆ ವೈದ್ಯಮಂಡಲಿಗಳು ಬೈಪಾಸಿನ ನಂತರದ ಹೃದಯಾಘಾತವನ್ನು ಗುರುತಿಸಲು ಹಾಕಿಕೊಂಡಿದ್ದ ಮಿತಿಗಳು 10, 35, 70 ಪಟ್ಟುಗಳಷ್ಟೇ! ಪರೀಕ್ಷಾವಿಧಾನ ಬೇರೆಯಾದರೆ ಅಂಕೆಗಳೂ ಬೇರೆಯಾಗುತ್ತವೆಂಬುದನ್ನು ಓದುಗರು ಮರೆಯಬಾರದು.

ಬಿ.ಎನ್.ಪಿ. ಎಂಬ ಮತ್ತೊಂದು ದ್ರವ್ಯವಿದೆ. 1988ರಲ್ಲಿ ಜಪಾನಿನವರು ಹಂದಿಯ ಮೆದುಳಿನಲ್ಲಿ ಅದನ್ನು ಮೊದಲು ಕಂಡುದರಿಂದ ಹೆಸರಿಗೆ ಮೆದುಳು ಅಂಟಿಕೊಂಡಿತು. ಅದು ಹೇರಳವಾಗಿ ಹುಟ್ಟುವುದು ಒತ್ತಡಕ್ಕೆ ಸಿಕ್ಕಿ ಹಿಗ್ಗಿದ ಹೃದಯದಲ್ಲಿ. ಯೋಗಾರ್ಥವನ್ನು ರೂಢಾರ್ಥ ಗೆದ್ದುದಕ್ಕೆ ವಿದ್ಯಾರ್ಥಿಗಳಿಗೆ ಕೊಡಬಹುದಾದ ಉದಾಹರಣೆ! ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇದು ಅಧಿಕವಾಗಿದ್ದವರಲ್ಲಿ ಮುಂದೆ ತೊಡಕುಗಳು ಹೆಚ್ಚು. ಹಿಮೋಗ್ಲೋಬಿನ್ ಕಡಿಮೆಯಿರುವುದೂ ಸಕ್ಕರೆ ಹತೋಟಿಯಲ್ಲಿಲ್ಲದಿರುವುದೂ ಹಾಗೆಯೇ. ಆದರೆ ಇವೆರಡನ್ನೂ, ಸಮಯವಿದ್ದಲ್ಲಿ, ಮೊದಲೇ ಸರಿಪಡಿಸಿಕೊಳ್ಳಬಹುದು. ತಿದ್ದಲು ಅವಕಾಶವಿರುವ ಸೂಚನೆಯೇ ನನ್ನ ಮಟ್ಟಿಗೆ ಉತ್ತಮವಾದ ಸೂಚನೆ.

ವೈದ್ಯರು ನಮ್ಮನ್ನು ಕುಳ್ಳಿರಿಸಿ ಹೇಳಿದುದಿಷ್ಟು: ಟ್ರೋಪೋನಿನ್ ಆಗಲೇ ಇಳಿಯುತ್ತಿದೆ, ಹೃದಯದ ಚಲನೆಯೂ ಚೆನ್ನಾಗಿದೆ, ಆ ನಕ್ಷತ್ರಚಿಹ್ನೆಗೆ ಅಂಜಬೇಕಾದುದಿಲ್ಲ. ಅವರು ಬೆರಳಿಟ್ಟು ತೋರಿಸಿದುದು ಬೇರೊಂದು ಸಾಲನ್ನು. ಮೂತ್ರಪಿಂಡಗಳ ಕಾರ್ಯವನ್ನು ಸೂಚಿಸುವ ಕ್ರಿಯಾಟಿನಿನ್ ಮೊದಲು 0.9 ಇದ್ದುದು 1.3 ಆಗಿದ್ದಿತು. ವರದಿಯಲ್ಲಿ ಮುದ್ರಿಸಿದ ಮಿತಿಯೊಳಗೇ ಇದ್ದುದರಿಂದ ಅದರ ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ. ಆದರೆ 48 ಗಂಟೆಗಳಲ್ಲಿ 0.3ರಷ್ಟು ಏರಿದರೂ ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೆಂದು ಭಾವಿಸಬೇಕೆಂಬುದು ಈಗಿನ ವೈದ್ಯರ ನಿಯಮ. 1999ರಲ್ಲಿ ಪ್ರಕಟವಾದ, ಶಸ್ತ್ರಚಿಕಿತ್ಸೆಯ ಅಪಾಯವನ್ನು ಅಳೆಯುವ ‘ಯೂರೋಸ್ಕೋರ್’ ಎಂಬ ಗಣನೆಯಲ್ಲಿಯೂ ವಯಸ್ಸು ಮೊದಲಾದವುಗಳೊಡನೆ ಕ್ರಿಯಾಟಿನಿನ್ನಿಗೆ ಸ್ಥಾನವಿದ್ದಿತು.

“ಹಾಗಾದರೆ ಅಪ್ಪ ನೂರರಲ್ಲಿ ಆ ಇಬ್ಬರ ಪೈಕಿಯೋ, ಉಳಿದವರ ಪೈಕಿಯೋ?” ಎಂದು ಹುಡುಗನು ಕೇಳಿದನು. ಲೆಕ್ಕವು ಗುಂಪಿನ ವಿಷಯವನ್ನು ಹೇಳುತ್ತದೆಯೇ ಹೊರತು ಒಬ್ಬನ ವಿಷಯವನ್ನಲ್ಲ, ನಾಳೆಯ ಅಂಕೆಯನ್ನು ನೋಡೋಣ ಎಂದರು ವೈದ್ಯರು. ನೋವಿನ ಒಂದು ಔಷಧವನ್ನು ನಿಲ್ಲಿಸಿದರು. ಗಂಟೆಗಂಟೆಗೂ ಮೂತ್ರವನ್ನು ಅಳೆಯಿಸಿದರು. ನಾಲ್ಕನೆಯ ದಿನ 1.1 ಆಯಿತು. ಹುಬ್ಬಳ್ಳಿಯ ಮಗಳು ಬಂದುದು ಒಂಬತ್ತನೆಯ ದಿನ, ತಂದೆಯನ್ನು ಮನೆಗೆ ಕರೆತರುವುದಕ್ಕೆ.