ನವಿಲೂರಿನ ಜಮಖಾನ

ಮಕ್ಕಳೇ, ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ರಾಮನಗರ ಸಿಗುತ್ತದೆ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರನ್ನು ನೀವು ಕೇಳಿರಬಹುದು. ರೇಷ್ಮೆ ಎಂದೊಡನೆ ನಮಗೆ ಸೀರೆ ನೆನಪಾಗುತ್ತದೆ. ಆದರೆ ಸುಮಾರು 400 ವರ್ಷಗಳ ಹಿಂದೆ ಇರಾನಿನ ಕಾಶಾನ್ ನಗರದಲ್ಲಿ ರೇಷ್ಮೆ ಎಳೆಯಿಂದ ನೆಲಹಾಸನ್ನೂ ನೇಯುತ್ತಿದ್ದರು!

ಅಂಥದೇ ಚಪ್ಪಟೆ ನೇಯ್ಗೆಯ ಹಾಸು ನಮ್ಮ ಕರ್ನಾಟಕದಲ್ಲೂ ಇದೆ. ಅದು ರೇಷ್ಮೆಯದಲ್ಲ, ಹತ್ತಿಯದು. ಅದೇ ನವಲಗುಂದದ ಜಮಖಾನ.

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ದಾರಿಯಲ್ಲಿ, ಧಾರವಾಡ ಜಿಲ್ಲೆಯಲ್ಲಿ ಈ ಊರಿದೆ. ನವಲಗುಂದ ಎಂದರೆ ನವಿಲುಗಳ ಗುಡ್ಡ. ಆದಿಲ್‌ಶಾಹಿ ಕಾಲದಲ್ಲಿ ಯುದ್ಧಗಳಿಂದ ಬೇಸತ್ತ ನೇಕಾರರು ವಿಜಯಪುರ ಬಿಟ್ಟು ಇಲ್ಲಿಗೆ ಬಂದರು ಎನ್ನುತ್ತಾರೆ. ಅವರು ನೆಲೆಸಿದ ಓಣಿಗೆ ಜಮಖಾನ ಗಲ್ಲಿ ಎಂದೇ ಹೆಸರು.

ರತ್ನಗಂಬಳಿಯಲ್ಲಿ ಎಳೆಗಳು ಹುಲ್ಲಿನಂತೆ ಮೇಲೆದ್ದು ನಿಂತಿರುತ್ತವೆ. ಜಮಖಾನದಲ್ಲಿ ಹಾಗಿಲ್ಲ. ಬಿಗಿಯಾಗಿ ಕಟ್ಟಿದ ಹಾಸಿನ ನಡುವೆ ಬಣ್ಣದ ಹೊಕ್ಕನ್ನು ಕೈಯಿಂದಲೇ ತೂರಿಸುತ್ತಾರೆ. ಆಮೇಲೆ ಪಂಜ ಎಂಬ ಹಲ್ಲುಗಳುಳ್ಳ ಕಬ್ಬಿಣದ ಸಾಧನದಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಹಾಸು ಕಾಣುವುದೇ ಇಲ್ಲ, ಹೊಕ್ಕಿನ ಬಣ್ಣವಷ್ಟೇ ಕಾಣುತ್ತದೆ.

ಇಂಥ ನೇಯ್ಗೆಯಲ್ಲಿ ಎರಡು ಬಣ್ಣಗಳು ನೇರ ಗೆರೆಯಲ್ಲಿ ಉದ್ದಕ್ಕೂ ಪಕ್ಕಪಕ್ಕ ನಿಂತರೆ ನಡುವೆ ಸೀಳು ಉಳಿಯಬಹುದು. ಆದ್ದರಿಂದಲೇ ಚಪ್ಪಟೆ ಹಾಸುಗಳಲ್ಲಿ ಓರೆ ಗೆರೆಗಳೂ ಮೆಟ್ಟಿಲಿನಂಥ ಅಂಚುಗಳೂ ಹೆಚ್ಚು.

ಚಿತ್ತಾರಗಳಲ್ಲಿ ಮೊದಲ ಸ್ಥಾನ ಊರಿಗೆ ಹೆಸರು ಕೊಟ್ಟ ನವಿಲಿಗೆ. ಇನ್ನೊಂದು ಪಗಡೆಯ ಹಾಸು: ನಾಲ್ಕು ತೋಳು, ಒಂದೊಂದರಲ್ಲಿ 24 ಮನೆ. ಅದನ್ನು ಹಾಸಿದರೆ ಆಟದ ಮಣೆಯೇ ಸಿದ್ಧ! ನಮಾಜಿಗೆಂದೇ ನೇಯುವ ಜಾನಮಾಜ್ ಕೂಡ ಉಂಟು. ಟರ್ಕಿಯ ಕಿಲಿಮ್ ಹಾಸುಗಳಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸಿನ ಚಿತ್ತಾರವಿದೆ. ಅದು ತಾಯ್ತನದ ಗುರುತು. ಹೀಗೆ ಒಂದೊಂದು ನಾಡಿನ ಜನ ತಮಗೆ ಪ್ರಿಯವಾದುದನ್ನು ಕಾಲ ಕೆಳಗಿನ ಹಾಸಿನಲ್ಲೂ ಬರೆದಿಟ್ಟಿದ್ದಾರೆ.

ನವಲಗುಂದದಲ್ಲಿ ಜಮಖಾನ ನೇಯುವವರು ಹೆಂಗಸರೇ. ಮನೆಯ ಮಗ್ಗದಲ್ಲೇ ಅವರ ಕೆಲಸ. ಹಿಂದೆ ಈ ವಿದ್ಯೆಯನ್ನು ಸೊಸೆಗೆ ಕಲಿಸುತ್ತಿದ್ದರಂತೆ, ಮಗಳಿಗಲ್ಲ! ಮಗಳು ಮದುವೆಯಾಗಿ ಹೋದರೆ ಗುಟ್ಟೂ ಬೇರೆ ಮನೆ ಸೇರುತ್ತದಲ್ಲ ಎಂಬ ಅಂಜಿಕೆ. ಈಗಿನ ಚಿಂತೆಯೇ ಬೇರೆ. ಯಂತ್ರದಲ್ಲಿ ತಯಾರಾದ ಅಗ್ಗದ ಹಾಸುಗಳು ಎಲ್ಲೆಡೆ ಸಿಗುತ್ತವೆ. ದಿನಗಟ್ಟಲೆ ಕೂತು ನೇಯ್ದರೂ ಕೈಗೆ ಬರುವುದು ಅಷ್ಟಕ್ಕಷ್ಟೇ. ಗುಟ್ಟು ಹೇಳಿಕೊಡಲು ಅಜ್ಜಿಯಂದಿರು ಸಿದ್ಧರಿದ್ದರೂ ಮಗ್ಗದ ಮುಂದೆ ಕೂರುವ ಎಳೆಯರು ವಿರಳ.

2011ರಲ್ಲಿ ಈ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೇರೆ ಊರಿನವರು ಈ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರು ಉಳಿಯಿತು, ಸರಿ. ಕಸುಬು ಉಳಿಯಬೇಕಾದರೆ ಕೊಳ್ಳುವವರು ಬೇಕು, ಕಲಿಯುವವರೂ ಬೇಕು.

ಈ ಭಾನುವಾರ ಹೀಗೆ ಮಾಡಿ: ಚೌಕುಳಿ ಹಾಳೆ ತೆಗೆದುಕೊಂಡು, ಒಂದೊಂದೇ ಚೌಕ ತುಂಬಿಸುತ್ತಾ ನವಿಲು ಬರೆಯಿರಿ. ದುಂಡನೆಯ ಗೆರೆ ಎಳೆಯುವಂತಿಲ್ಲ! ಕತ್ತು ಬಾಗಿಸಲು ಎಷ್ಟು ಮೆಟ್ಟಿಲು ಬೇಕಾಯಿತು, ಎಣಿಸಿ. ನವಲಗುಂದದ ಅಜ್ಜಿಯ ಜಾಣ್ಮೆ ಎಂಥದೆಂದು ಆಗ ನಿಮಗೇ ತಿಳಿಯುತ್ತದೆ.