ಕೆಂಟ್ಸ್ ಗಿಡ ತುಕ್ಕಿಗೆ ಸೋತದ್ದೇಕೆ?

ಅರೇಬಿಕಾ ಗಿಡದ ಎಲೆ ಮಗುಚಿ ನೋಡಿದಾಗ ಕಿತ್ತಳೆ ಬಣ್ಣದ ಪುಡಿ ಕಂಡರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ತುಕ್ಕು ರೋಗದಿಂದ ಎಲೆ ಉದುರಿದ ರೆಂಬೆಯಲ್ಲಿ ಮುಂದಿನ ವರ್ಷದ ಫಸಲೂ ಕುಗ್ಗುತ್ತದೆ.

1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿಯನ್ನೇ ಅಳಿಸಿತು. ಬೇಗನೆ ನಮ್ಮ ಮಲೆನಾಡಿಗೂ ಬಂತು. 1911ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ಬೆಳೆಗಾರರು ತಮ್ಮ ತೋಟದಲ್ಲಿ ತುಕ್ಕು ತಾಗದ ಗಿಡವನ್ನು ಆರಿಸಿ ಕೆಂಟ್ಸ್ ತಳಿಯನ್ನು ಬೆಳೆಸಿದರು. ಕೆಲವು ವರ್ಷಗಳ ನಂತರ ಅದಕ್ಕೂ ತುಕ್ಕು ಹಿಡಿಯಿತು. ಗೊಬ್ಬರ ಸಾಲದಾಯಿತೆ? ಮಳೆ ಹೆಚ್ಚಾಯಿತೆ? ತಳಿಯೇ ಕೆಟ್ಟಿತೆ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬಾಳೆಹೊನ್ನೂರಿನಲ್ಲೇ. 1925ರಲ್ಲಿ ಆರಂಭವಾದ ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ ಬೇರೆ ಬೇರೆ ತಳಿಗಳ ಎಲೆಗಳಿಗೆ ತುಕ್ಕಿನ ಪುಡಿಯನ್ನು ತಗುಲಿಸಿ ಪರೀಕ್ಷಿಸಿದರು. ಒಂದು ಪುಡಿ ಹಳೆಯ ತಳಿಗೆ ಹಿಡಿದು ಕೆಂಟ್ಸನ್ನು ಬಿಟ್ಟಿತು. ಇನ್ನೊಂದು ಕೆಂಟ್ಸಿಗೂ ಹಿಡಿಯಿತು. ಕಣ್ಣಿಗೆ ಒಂದೇ ಆಗಿ ಕಾಣುವ ಶಿಲೀಂಧ್ರದಲ್ಲಿ ಹಲವು ಪಂಗಡಗಳಿವೆ ಎಂದು ಅವರು 1932ರಲ್ಲಿ ಪ್ರಕಟಿಸಿದರು. ಕೆಂಟ್ಸ್ ಕೆಟ್ಟಿರಲಿಲ್ಲ; ಅದನ್ನು ಗೆಲ್ಲಬಲ್ಲ ಪಂಗಡ ಹಬ್ಬಿತ್ತು.

ಇಲ್ಲಿನ ಉಪಾಯವನ್ನು ಗಮನಿಸಬೇಕು. ಬರಿಗಣ್ಣಿಗೆ ಕಾಣದ ಶತ್ರುವಿನ ಗುರುತು ಹೇಳಿದ್ದು ಗಿಡಗಳ ವಂಶಗುಣದ ವ್ಯತ್ಯಾಸ. ಪೋರ್ಚುಗಲ್ಲಿನಲ್ಲಿ 1955ರಲ್ಲಿ ಸ್ಥಾಪಿತವಾದ ಕಾಫಿ ತುಕ್ಕು ಸಂಶೋಧನಾ ಕೇಂದ್ರವೂ ವಂಶಗುಣ ತಿಳಿದ ಗಿಡಗಳ ಸಾಲನ್ನೇ ಒರೆಗಲ್ಲು ಮಾಡಿಕೊಂಡಿತು. ಹೀಗೆ ಗುರುತಿಸಿದ ಪಂಗಡಗಳು ಈಗ 50ಕ್ಕೂ ಹೆಚ್ಚು.

ನಮ್ಮ ಎಸ್.795 ತಳಿ ಎಸ್.288 ಮತ್ತು ಕೆಂಟ್ಸ್‌ಗಳ ಮಿಶ್ರಣ. ಎಸ್.288ರ ಮೂಲಕ ಲೈಬೀರಿಕಾ ಕಾಫಿಯ ರೋಗನಿರೋಧಕ ಗುಣವೂ ಅದಕ್ಕೆ ಬಂದಿದೆ. ಆದರೂ ಕಾಲಕ್ರಮದಲ್ಲಿ ಅದಕ್ಕೂ ತುಕ್ಕು ತಗುಲಿತು.

ಇದರಿಂದ ನಾವು ಕಲಿಯಬೇಕಾದದ್ದಿಷ್ಟು. 'ರೋಗವೇ ಬಾರದ ತಳಿ' ಎಂಬ ಮಾತನ್ನು ನಂಬಿ ಇಡೀ ತೋಟಕ್ಕೆ ಒಂದೇ ತಳಿ ನೆಡುವುದು ಜಾಣತನವಲ್ಲ. ಬೀಜವನ್ನು ನಂಬಿಕೆಯ ಮೂಲದಿಂದಲೇ ತರೋಣ. ತುಕ್ಕು ತಗಲುವ ತಳಿಗಳಿಗೆ ಮುಂಗಾರಿಗೆ ಮೊದಲು ಶೇಕಡಾ 0.5ರ ಬೋರ್ಡೋ ದ್ರಾವಣವನ್ನು ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯೋಣ; ರೋಗ ಒಳಹೊಗುವುದು ಅಲ್ಲಿಂದಲೇ. ಇದುವರೆಗೆ ತುಕ್ಕು ಕಾಣದ ತಳಿಯಲ್ಲಿ ಕಿತ್ತಳೆ ಪುಡಿ ಕಂಡರೆ ಗೊಬ್ಬರವನ್ನೋ ಆಳನ್ನೋ ದೂರುತ್ತ ಕೂರದೆ, ಕೂಡಲೇ ಕಾಫಿ ಮಂಡಳಿಯವರಿಗೆ ತಿಳಿಸೋಣ. ಹೊಸ ಪಂಗಡದ ಮೊದಲ ಸುಳಿವು ನಮ್ಮ ತೋಟದಲ್ಲೇ ಇರಬಹುದು.