ಚೀಟಿಯ ಮೂಲೆಯಲ್ಲೊಂದು ಮಾತ್ರೆ

ಕ್ಯಾನ್ಸರ್ ನೋವು ಎಂದೊಡನೆ ನಮಗೆ ನೆನಪಾಗುವುದು ಮಾರ್ಫಿನ್. ಹಾಗಾಗಿ ಪ್ಯಾಲಿಯೇಟಿವ್ ಕೇರ್ (ಉಪಶಮನ ಆರೈಕೆ) ವೈದ್ಯರ ಚೀಟಿಯಲ್ಲಿ ಐಬುಪ್ರೊಫೆನ್, ನ್ಯಾಪ್ರೋಕ್ಸೆನ್, ಡೈಕ್ಲೋಫೆನಾಕ್ ಥರದ ಹೆಸರು ಕಂಡರೆ ಮನೆಯವರಿಗೆ ಅನುಮಾನ. ಮಂಡಿನೋವಿಗೆ ನುಂಗುವ ಮಾತ್ರೆ ಇಷ್ಟು ದೊಡ್ಡ ಕಾಯಿಲೆಗೆ ಸಾಕೇ?

ಅನುಮಾನ ಸಹಜ. ಆದರೆ ಆ ಹೆಸರು ಬರೆಯುವ ಮೊದಲು ವೈದ್ಯರು ಕೇಳಿದ ಪ್ರಶ್ನೆಗಳನ್ನು ಗಮನಿಸಬೇಕು. ನೋವು ಕರೆಂಟ್ ಹೊಡೆದಂತೆ ಕಾಲುದ್ದಕ್ಕೂ ಹರಿಯುತ್ತದೆಯೇ? ಹಾಗಿದ್ದರೆ ಅದು ನರದ ನೋವು, ಅದಕ್ಕೆ ಬೇರೆ ಔಷಧಿ. ಮಗ್ಗುಲು ಬದಲಿಸಿದಾಗ, ಎದ್ದು ನಿಂತಾಗ ಒಂದೇ ಜಾಗದಲ್ಲಿ ಚುಚ್ಚುತ್ತದೆಯೇ? ಆಗ ಮೂಳೆಯ ಮೇಲೆ ಗುಮಾನಿ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್‌ಗಳು ಮೂಳೆಗೆ ಹಬ್ಬುವುದುಂಟು. ಅಲ್ಲಿ ಗೆಡ್ಡೆಯೂ ಸುತ್ತಲಿನ ಜೀವಕೋಶಗಳೂ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಸುರಿಸಿ, ನರದ ತುದಿಗಳನ್ನು ಮುಟ್ಟಿದರೆ ಮುನಿಯುವಂತೆ ಮಾಡುತ್ತವೆ. ಐಬುಪ್ರೊಫೆನ್, ನ್ಯಾಪ್ರೋಕ್ಸೆನ್‌ಗಳೂ ಸೇರುವ ಆಸ್ಪಿರಿನ್ ಜಾತಿಯ ಔಷಧಿಗಳು ಇದರ ಉತ್ಪಾದನೆಯನ್ನೇ ತಡೆಯುತ್ತವೆಂದು ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ; 1982ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಮಾರ್ಫಿನ್ ಹೆಚ್ಚಾಗಿ ಮಿದುಳು, ಬೆನ್ನುಹುರಿಗಳ ಮಟ್ಟದಲ್ಲಿ ಕೆಲಸ ಮಾಡಿದರೆ, ಈ ಮಾತ್ರೆಗಳು ಮುಖ್ಯವಾಗಿ ನೋವು ಹುಟ್ಟುವಲ್ಲೇ. ಎರಡನ್ನೂ ಹೊಂದಿಸಿದರೆ ಕೆಲವರಿಗೆ ಮಾರ್ಫಿನ್ ಪ್ರಮಾಣ ತಗ್ಗಿಸಬಹುದು. ಮಲಬದ್ಧತೆ, ಮಂಪರು ಅಷ್ಟರಮಟ್ಟಿಗೆ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ನೋವಿನ ಚಿಕಿತ್ಸೆಗೆ ಮೂರು ಮೆಟ್ಟಿಲು ಹಾಕಿಕೊಟ್ಟಿತು. ಈ ಮಾತ್ರೆಗಳು ಮೊದಲ ಮೆಟ್ಟಿಲಲ್ಲಿವೆ, ಮೇಲಿನೆರಡರಲ್ಲೂ ಮಾರ್ಫಿನ್ ಜಾತಿಯ ಔಷಧಿಗಳ ಜೊತೆಗೆ ಬರಬಹುದು. ಒಂದು ಪ್ರಮಾಣ ದಾಟಿದ ಮೇಲೆ ಇವು ನೋವನ್ನು ಹೆಚ್ಚು ಇಳಿಸವು, ಅಪಾಯವನ್ನಷ್ಟೇ ಏರಿಸುತ್ತವೆ. ಈ ಗುಂಪಿನ ಎರಡು ಮಾತ್ರೆಗಳನ್ನು ಒಟ್ಟಿಗೆ ಕೊಡದಿರುವುದಕ್ಕೆ ಕಾರಣ ಇದೇ.

ನಿಜವಾದ ಕೈಚಳಕ ಇರುವುದು ಕೊಡಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ. ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್‌ಗಳೇ ಜಠರದ ಒಳಪದರವನ್ನು ಕಾಯುತ್ತವೆ, ಕಿಡ್ನಿಗೆ ರಕ್ತ ಹರಿಯಲು ನೆರವಾಗುತ್ತವೆ. ಹಾಗಾಗಿ ಹೊಟ್ಟೆಯ ರಕ್ಷಣೆಗೆ ಪ್ಯಾಂಟೊಪ್ರಜೋಲ್ ಥರದ ಮಾತ್ರೆ, ಕಿಡ್ನಿಯ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನಡೆಯುತ್ತಿದ್ದರೆ ಹುಣ್ಣಿನ ಭಯ ಇನ್ನೂ ಹೆಚ್ಚು. ಕಿಡ್ನಿಗೆ ಭಾರವಾಗುವ ಕೀಮೋ ಔಷಧಿ ಸಿಸ್‌ಪ್ಲಾಟಿನ್ ಪಡೆಯುತ್ತಿರುವವರು, ವಾಂತಿಯಿಂದ ಬಸವಳಿದವರು, ಹೃದ್ರೋಗಿಗಳು, ಮೈಲೋಮಾ ಎಂಬ ರಕ್ತಕ್ಯಾನ್ಸರ್‌ನ ರೋಗಿಗಳು ಎದುರಿಗಿದ್ದರೆ ಅನುಭವಿ ವೈದ್ಯರ ಪೆನ್ನು ತಡೆಯುತ್ತದೆ. ಕೀಮೋ ನಂತರ ಪ್ಲೇಟ್‌ಲೆಟ್ ಕುಸಿದಿದ್ದರೆ ರಕ್ತಸ್ರಾವದ ಅಪಾಯ. ಸೋಂಕಿನ ಜ್ವರವನ್ನೂ ಈ ಮಾತ್ರೆ ಮರೆಮಾಚೀತು. ಮನೆಯಲ್ಲಿದೆಯೆಂದು ಕೇಳದೆ ನುಂಗಿಸಬಾರದು ಎನ್ನುವುದು ಇದಕ್ಕೇ.

ಕೊಟ್ಟ ಮೇಲೂ ಕೆಲಸ ಮುಗಿಯದು. ನೋವು ಬಂದಾಗ ನುಂಗುವ ಬದಲು ಗಡಿಯಾರ ನೋಡಿ ನುಂಗಬೇಕು: ನ್ಯಾಪ್ರೋಕ್ಸೆನ್ ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ಐಬುಪ್ರೊಫೆನ್ ಮೂರು. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು, ನಿದ್ದೆ ಬಂತೇ, ಮಲ ಕಪ್ಪಗಾಯಿತೇ ಎಂದು ಕೆಲವೇ ದಿನಗಳಲ್ಲಿ ವಿಚಾರಿಸುತ್ತಾರೆ. ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ. ಶುರು ಮಾಡುವುದಕ್ಕಿಂತ ಅದು ದೊಡ್ಡ ಜಾಣ್ಮೆ ಎಂದು ನನ್ನೆಣಿಕೆ. ಮೂಳೆನೋವಿಗೆ ಮಾತ್ರೆಯೊಂದೇ ದಾರಿಯಲ್ಲ; ಎಷ್ಟೋ ಸಲ 8 ಗ್ರೇ (ವಿಕಿರಣದ ಅಳತೆ) ವಿಕಿರಣದ ಒಂದೇ ಸರದಿ ಸಾಕಾಗುತ್ತದೆ. ಅದರ ಪೂರ್ತಿ ಫಲ ಸಿಗಲು ಕೆಲವು ವಾರ ಬೇಕು; ಅಲ್ಲಿಯವರೆಗೆ ಈ ಮಾತ್ರೆಯ ಆಸರೆ, ನೋವಿಳಿದ ಮೇಲೆ ಅದಕ್ಕೂ ರಜೆ.